ಕೆಟ್ಟಿರದ ಕಾರನ್ನು ಎಳೆದೊಯ್ಯುವ ಬಗೆ

ರವೀಂದ್ರನಗರದ ನನ್ನ ವಕೀಲಿ ಕಚೇರಿಗೆ ಆಗ ಮೂರು ಮೆಟ್ಟಿಲುಗಳಿದ್ದವು, ಇಳಿಜಾರು ಇರಲಿಲ್ಲ. ಹೀಗಾಗಿ ಆ ಶಿಕ್ಷಕಿಯೊಂದಿಗೆ ನನ್ನ ಮೊದಲ ಸಮಾಲೋಚನೆ ಅವರ ಕಾರಿನೊಳಗೇ ನಡೆಯಿತು. ಗೇಟಿನೆದುರು ಹಾರನ್ ಕೇಳಿ ನಾನು ಹೊರಗೆ ಬಂದೆ. ಅವರು ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ಹಿಂದಕ್ಕೆ ಎಸೆದು, "ಬನ್ನಿ ಲಾಯರಮ್ಮ, ಇದೇ ನನ್ನ ಚೇಂಬರ್" ಎಂದರು.

ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಅವರು ವಿಜ್ಞಾನ ಪಾಠ ಮಾಡುತ್ತಾರೆ. ಬಾಲ್ಯದ ಪೋಲಿಯೊದಿಂದ ಎರಡೂ ಕಾಲುಗಳಿಗೆ ಬಲವಿಲ್ಲ. ಕಾರಿನ ಸ್ಟೇರಿಂಗಿನ ಪಕ್ಕದಲ್ಲಿ ಒಂದು ಹಿಡಿಕೆ ಇದೆ. ಅದನ್ನು ಮುಂದಕ್ಕೆ ಒತ್ತಿದರೆ ಬ್ರೇಕ್, ತಮ್ಮತ್ತ ಎಳೆದುಕೊಂಡರೆ ವೇಗ. ಈ ಮಾರ್ಪಾಡು ಕಾರಿನ ನೋಂದಣಿ ಪತ್ರದಲ್ಲಿ ದಾಖಲಾಗಿದೆ. ರಜಾದಿನಗಳಲ್ಲಿ ಅವರು ಶಾಲೆಯ ಮೈದಾನದಲ್ಲಿ, ಕಾಲಿನ ಬಲವಿಲ್ಲದ ಹೆಂಗಸರಿಗೆ ಇದೇ ಕಾರಿನಲ್ಲಿ ಚಾಲನೆ ಕಲಿಸುತ್ತಾರೆ. ಆ ಪಾಠದ ವಿಡಿಯೊವೊಂದನ್ನು ನೋಡಿ, ನೇಪಾಳದ ಬಯಲುಸೀಮೆಯ ಪಟ್ಟಣವೊಂದರ ಅಂಗವಿಕಲ ಮಹಿಳೆಯರ ಸಂಘ ಅವರನ್ನು ಆಹ್ವಾನಿಸಿತ್ತು. ಆ ಊರಿನಲ್ಲಿ ಇಂಥ ಕಾರು ಒಂದೂ ಇರಲಿಲ್ಲ.

"ನಾನೊಬ್ಬಳೇ ಹೋಗಿ ಏನ್ ಮಾಡ್ಲಿ? ಕರಿಹಲಗೆ ಮೇಲೆ ಡ್ರೈವಿಂಗ್ ಕಲ್ಸೋಕಾಗುತ್ತಾ? ಕಾರೂ ಬರ್ಬೇಕು" ಎಂದರು. ಬೇಸಿಗೆ ರಜೆಯಲ್ಲಿ ಹೋಗಿ, ಶಾಲೆ ತೆರೆಯುವ ಮೊದಲು ಮರಳಬೇಕು.

ಅಷ್ಟು ದೂರ ಅವರೇ ಓಡಿಸುವಂತಿರಲಿಲ್ಲ. ಕಾಲಿನ ಕೆಲಸವನ್ನೂ ತೋಳೇ ಮಾಡುವುದರಿಂದ, ಎರಡು ಗಂಟೆ ಕಳೆದರೆ ಭುಜ ಹಿಡಿದುಕೊಳ್ಳುತ್ತದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಅವರ ಪತಿ, ಹಳೆಯ ವ್ಯಾನೊಂದನ್ನು ಕೊಂಡು ಅದರಲ್ಲಿ ಮಂಚವನ್ನೂ ಗಾಲಿಕುರ್ಚಿ ಹಿಡಿಸುವಷ್ಟು ಅಗಲದ ಬಾಗಿಲಿನ ಬಚ್ಚಲನ್ನೂ ಕೂಡಿಸಿ, ನಿಯಮದಂತೆ ನೋಂದಣಿ ಮಾಡಿಸಿದ್ದರು. ದಾರಿಯ ವಸತಿಗೃಹಗಳ ಬಚ್ಚಲಿಗೆ ಕುರ್ಚಿ ನುಗ್ಗದು, ಆದ್ದರಿಂದ ವ್ಯಾನನ್ನು ಬಿಡುವಂತಿಲ್ಲ. ಕಾರಿಗೆ ಬೇರೊಬ್ಬ ಚಾಲಕನನ್ನು ಇಟ್ಟುಕೊಳ್ಳಬಹುದಲ್ಲವೇ ಎಂದು ಕೇಳಿದೆ.

"ದಿನಾ ನನ್ನನ್ನ ಎತ್ತಿ ಇಳಿಸೋದನ್ನ ಗಂಡ ಒಬ್ರು ನೋಡಿದ್ರೆ ಸಾಕು. ಇನ್ನೊಬ್ರು ಪ್ರೇಕ್ಷಕರು ಬೇಡ."

ಕಾರು ಸಾಗಿಸುವ ಲಾರಿಗಳ ಕಂಪನಿಗಳನ್ನೂ ವಿಚಾರಿಸಿದೆವು. ಅವು ಮಹಾನಗರಗಳ ನಡುವೆ ಓಡುತ್ತವೆಯೇ ಹೊರತು ಗಡಿಯ ಸಣ್ಣ ಊರುಗಳಿಗೆ ಹೋಗುವುದಿಲ್ಲ, ತಲುಪಿಸುವ ದಿನವನ್ನು ಖಚಿತವಾಗಿ ಹೇಳುವುದೂ ಇಲ್ಲ. ಉಳಿದದ್ದು ಒಂದೇ: ವ್ಯಾನಿನ ಹಿಂದೆ ಕಾರನ್ನು ಎಳೆದೊಯ್ಯುವುದು.

ಸಾರಿಗೆ ಕಚೇರಿಯ ಎದುರು ಕೂರುವ ಮಧ್ಯವರ್ತಿಯೊಬ್ಬರು ಇದಕ್ಕೆ ಅದಾಗಲೇ ಪರಿಹಾರ ಕೊಟ್ಟಿದ್ದರು. ತ್ರಿಕೋನಾಕಾರದ ಒಂದು ಕಬ್ಬಿಣದ ಸರಳು. ಅದರ ಎರಡು ಕಾಲುಗಳು ಕಾರಿನ ಮುಂಭಾಗಕ್ಕೆ, ತುದಿ ವ್ಯಾನಿನ ಹಿಂಭಾಗಕ್ಕೆ. ಕಾರು ತನ್ನ ನಾಲ್ಕು ಚಕ್ರಗಳ ಮೇಲೆಯೇ ಹಿಂದೆ ಉರುಳಿ ಬರುತ್ತದೆ. ಕೆಲವು ದೇಶಗಳಲ್ಲಿ ಇದು ಷರತ್ತುಗಳೊಂದಿಗೆ ಸಮ್ಮತ, ಕೆಲವೆಡೆ ನಿಷಿದ್ಧ. ನಮ್ಮಲ್ಲಿ ಚಾಲನಾ ನಿಯಮಗಳು ಎಳೆಯಲು ಬಿಡುವುದು ನೋಂದಾಯಿತ ಟ್ರೈಲರನ್ನು, ಇಲ್ಲವೇ ಕೆಟ್ಟು ನಿಂತ ವಾಹನವನ್ನು. ಅದೂ ನಿಧಾನವಾಗಿ, ದುರಸ್ತಿಯ ಜಾಗದವರೆಗೆ. ಸುಸ್ಥಿತಿಯಲ್ಲಿರುವ ಕಾರನ್ನು ಸರಳಿಗೆ ಕಟ್ಟಿ ರಾಜ್ಯಗಳನ್ನು ದಾಟಿಸಲು ಅದರಲ್ಲಿ ಅವಕಾಶವಿಲ್ಲ. ನಾನು ಇದನ್ನು ಮಧ್ಯವರ್ತಿಗೆ ವಿವರಿಸಿದೆ. ಅವರು ನಕ್ಕರು.

"ಮೇಡಂ, ಬಾನೆಟ್ ಎತ್ತಿ ಬ್ಯಾಟ್ರಿ ವೈರ್ ಕಿತ್ತಾಕಿ. ಹಿಂದ್ಗಡೆ 'ಎಳೆಯಲಾಗುತ್ತಿದೆ' ಅಂತ ಬೋರ್ಡ್ ಹಾಕಿ. ಯಾರಾದ್ರೂ ಕೇಳಿದ್ರೆ ಗಾಡಿ ಕೆಟ್ಟಿದೆ, ಗ್ಯಾರೇಜಿಗೆ ಹೋಗ್ತಿದೀವಿ ಅನ್ನಿ. ಮುಗೀತು."

"ನೇಪಾಳದ ತನಕ ಒಂದು ಗ್ಯಾರೇಜೂ ಸಿಗ್ಲಿಲ್ವಾ?"

"ಒಳ್ಳೇ ಗ್ಯಾರೇಜ್ ಸಿಗ್ಲಿಲ್ಲ ಅನ್ನಿ!"

ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ ಮೊದಲ ಶಿಸ್ತು, ಎದುರಾಳಿಯ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ತಾನೇ ಮೊದಲು ಹೇಳಿಕೊಳ್ಳುವುದು. ಹೇಳಿಕೊಂಡೆ. ಈ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ, ಉದ್ದೇಶ ಒಳ್ಳೆಯದು, ನಿಯಮವೇ ಇಂಥವರನ್ನು ಯೋಚಿಸದೆ ಬರೆದದ್ದು, ಅಂಗವಿಕಲ ಮಹಿಳೆಯ ವಾಹನವನ್ನು ಪೊಲೀಸರು ಕರುಣೆಯಿಂದ ಬಿಟ್ಟೇ ಬಿಡುತ್ತಾರೆ. ಈ ವಾದ ಮುರಿಯುವುದು ಅಪಘಾತದಲ್ಲಿ. ಸರಳಿನ ಹಿಂದಿರುವ ಕಾರು ಯಾರಿಗಾದರೂ ಬಡಿದರೆ, ನಿಯಮಬಾಹಿರವಾಗಿ ಎಳೆಯಲಾಗುತ್ತಿತ್ತೆಂದು ವಿಮಾ ಕಂಪನಿ ಕೈ ಎತ್ತಬಹುದು. ಆಗ ಗಾಯಗೊಂಡವರಿಗೂ ಪರಿಹಾರ ತಡವಾಗುತ್ತದೆ, ಶಿಕ್ಷಕಿಯೂ ಮುಳುಗುತ್ತಾರೆ. ಈ ಮಾತನ್ನು ಅವರ ಭದ್ರಾವತಿಯ ಮನೆಯಲ್ಲಿ ಸಾಕಷ್ಟು ವಿಸ್ತಾರವಾಗಿ ಮಂಡಿಸುತ್ತಿದ್ದೆ. ಶಿಕ್ಷಕಿ ನಡುವೆಯೇ ಕೈ ಎತ್ತಿದರು.

"ನನಗೆ ನಡೆಯೋಕಾಗಲ್ಲ ಅಂತ ಊರೆಲ್ಲ ಸರ್ಟಿಫಿಕೇಟ್ ತೋರಿಸ್ಕೊಂಡು ಬಂದಿದೀನಿ ಲಾಯರಮ್ಮ. ಈಗ ನನ್ನ ಕಾರಿಗೂ ಕೆಟ್ಟಿದೆ ಅಂತ ಹೇಳ್ಕೊಂಡು ತಿರುಗಲಾ? ಅದೊಂದು ಆಗಲ್ಲ."

ನನ್ನ ವಾದಕ್ಕಿಂತ ಅದು ಚಿಕ್ಕದಾಗಿತ್ತು. ಸರಳು ವ್ಯಾನಿನ ಕೆಳಗಿನ ಪೆಟ್ಟಿಗೆ ಸೇರಿತು.

ಟ್ರೈಲರ್ ಎಂದರೆ ಕೇವಲ ಚಕ್ರಗಳಿರುವ ಹಲಗೆ ಎಂದು ನಾವು ಭಾವಿಸುತ್ತೇವೆ. ಕಾನೂನಿನ ಕಣ್ಣಿಗೆ ಅದು ಪ್ರತ್ಯೇಕ ವಾಹನ. ಅದಕ್ಕೆ ತನ್ನದೇ ಚಾಸಿ ಸಂಖ್ಯೆ, ನೋಂದಣಿ, ಫಲಕ, ವಿಮೆ ಬೇಕು. ಮಾಚೇನಹಳ್ಳಿಯಲ್ಲಿ ಟ್ರ್ಯಾಕ್ಟರ್ ಟ್ರೈಲರುಗಳನ್ನು ತಯಾರಿಸುವ ವರ್ಕ್‌ಶಾಪೊಂದರ ಮಾಲೀಕರು ಕೆಲಸವನ್ನು ಉತ್ಸಾಹದಿಂದ ಒಪ್ಪಿಕೊಂಡರು. "ಅಡಿಕೆ, ಭತ್ತ, ಮರಳು, ಇಟ್ಟಿಗೆ ಎಲ್ಲಾ ಹೊತ್ತಿದೆ ಮೇಡಂ ನಮ್ ಟ್ರೈಲರು. ಒಂದು ಪುಟ್ಟ ಕಾರು ಯಾವ ಲೆಕ್ಕ?" ಎಂದವರು ಚೌಕಟ್ಟನ್ನು ಬೆಸೆದೇ ಬಿಟ್ಟರು. ಅದನ್ನು ನೋಡಿದ ಮೋಟಾರು ವಾಹನ ನಿರೀಕ್ಷಕರು ಮುಲಾಜಿಲ್ಲದೆ ತಿರಸ್ಕರಿಸಿದರು.

"ಇವರ ಹತ್ರ ಇರೋ ಅನುಮೋದನೆ ಟ್ರ್ಯಾಕ್ಟರ್ ಹಿಂದೆ ಕಟ್ಟೋ ಟ್ರೈಲರಿಗೆ. ವ್ಯಾನ್ ಹಿಂದೆ ಹೆದ್ದಾರಿಲಿ ಓಡೋದಕ್ಕಲ್ಲ. ನೀವೇ ವಕೀಲರು, ನಾನೇನು ಹೇಳ್ಲಿ?"

ಅವರು ಹೇಳಿದ್ದು ಸರಿಯಾಗಿತ್ತು. ಟ್ರ್ಯಾಕ್ಟರಿನ ಕೊಂಡಿ ಒಂದು ಬಳೆ ಮತ್ತು ಒಂದು ಗೂಟ. ಅವುಗಳ ನಡುವೆ ಸಡಿಲವಿರುತ್ತದೆ. ಹೊಲದ ದಾರಿಯಲ್ಲಿ ಆ ಸಡಿಲವೇ ಅನುಕೂಲ, ಹೆದ್ದಾರಿಯಲ್ಲಿ ಅದೇ ಜಗ್ಗಾಟ. ಕಾರಿನ ಭಾರ ಹೊತ್ತ ಟ್ರೈಲರಿಗೆ ತನ್ನದೇ ಬ್ರೇಕ್ ಬೇಕು; ಮುಂದಿನ ವಾಹನ ನಿಧಾನಿಸಿದಾಗ ಹಿಂದಿನ ತಳ್ಳುವಿಕೆಯಿಂದಲೇ ಅದು ಹಿಡಿಯಬೇಕು. ವ್ಯಾನಿನ ತಯಾರಕರು ಎಷ್ಟು ಭಾರ ಎಳೆಯಲು ಒಪ್ಪಿದ್ದಾರೆಂಬುದನ್ನೂ ನೋಡಬೇಕು. ಕೊನೆಗೆ ಹೊರರಾಜ್ಯದ ತಯಾರಕರೊಬ್ಬರಿಂದ ಅನುಮೋದಿತ ಮಾದರಿಯ ಟ್ರೈಲರನ್ನೇ ತರಿಸಿದೆವು. ವ್ಯಾನಿನ ಹಿಂಬದಿಗೆ ಕೂಡಿಸಿದ ಉಕ್ಕಿನ ಗುಂಡಿನ ಮೇಲೆ ಬಿಗಿಯಾಗಿ ಕೂರುವ ಕೊಂಡಿ, ಸ್ವಂತ ಬ್ರೇಕ್, ವ್ಯಾನಿನ ದೀಪಗಳೊಂದಿಗೆ ಬೆಳಗುವ ದೀಪಗಳು ಅದರಲ್ಲಿದ್ದವು. ಹತ್ತಿಳಿಯುವ ಹಲಗೆಗಳನ್ನೂ ಚಕ್ರಗಳನ್ನು ತಡೆಯುವ ಕಬ್ಬಿಣದ ದಿಮ್ಮಿಗಳನ್ನೂ ನಮ್ಮ ಕಾರಿಗೆ ಹೊಂದುವಂತೆ ಇಲ್ಲಿಯೇ ಕೂಡಿಸಿಕೊಳ್ಳಲು ಆ ತಯಾರಕರ ಒಪ್ಪಿಗೆಯಿತ್ತು. ಆ ಕೆಲಸ ಮಾಚೇನಹಳ್ಳಿಯ ಮಾಲೀಕರದೇ ಆಯಿತು.

ನೋಂದಣಿಯನ್ನು ಯಾವ ಮಧ್ಯವರ್ತಿಯಿಲ್ಲದೆ ನಾವೇ ಮಾಡಿಸಿದೆವು. ನನಗೆ ಅದರ ಬಗ್ಗೆ ಹಟವಿತ್ತು. ಸರತಿಯಲ್ಲಿ ನಿಂತ ಪತಿ ಒಮ್ಮೆ ಗೊಣಗಿದ್ದುಂಟು: "ನಿಮ್ ಸಿದ್ಧಾಂತಕ್ಕೆ ನನ್ ಮಂಡಿ ಸವೀತಿದೆ ಮೇಡಂ." ಆದರೆ ಫಲಕ ಸಿಕ್ಕಿದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದವರು ಅವರೇ. ವ್ಯಾನು, ಕಾರು, ಟ್ರೈಲರು ಮೂರರ ವಿಮೆಯನ್ನೂ ಹೆಚ್ಚುವರಿ ಕಂತು ಕಟ್ಟಿ ನೇಪಾಳಕ್ಕೆ ವಿಸ್ತರಿಸಿಕೊಂಡೆವು. ಸಾಮಾನ್ಯ ವಿಮೆ ಗಡಿಯಲ್ಲಿಯೇ ನಿಂತುಬಿಡುತ್ತದೆ ಎಂಬುದು ಹೊರಡುವ ಅನೇಕರಿಗೆ ಗೊತ್ತಿರುವುದಿಲ್ಲ.

ಪರೀಕ್ಷಾರ್ಥ ಓಟಕ್ಕೆ ಒಂದು ಬೆಳಿಗ್ಗೆ, ಮಾಲೀಕರು ಕಾರನ್ನು ಟ್ರೈಲರಿಗೆ ಏರಿಸಿಕೊಟ್ಟ ಮೇಲೆ, ಮಾಚೇನಹಳ್ಳಿಯಿಂದ ಭದ್ರಾವತಿಯತ್ತ ಹೊರಟೆವು. ಪತಿ ಚಾಲಕರ ಸೀಟಿನಲ್ಲಿ, ನಾನು ಪಕ್ಕದಲ್ಲಿ, ಶಿಕ್ಷಕಿ ಹಿಂದೆ ಮಂಚದ ಮೇಲೆ. ಆರಂಭ ಸೊಗಸಾಗಿತ್ತು. ರಸ್ತೆ ತೆರವಾಗಿ ವೇಗ ತುಸು ಏರಿದಾಗ ಹಿಂದಿನಿಂದ ಯಾರೋ ಸೊಂಟ ಹಿಡಿದು ಅಲ್ಲಾಡಿಸಿದಂತಾಯಿತು. ಕನ್ನಡಿಯಲ್ಲಿ ಟ್ರೈಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸುತ್ತಿತ್ತು. ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದು. ಎದುರಿನಿಂದ ಬರುತ್ತಿದ್ದ ಬಸ್ಸಿನ ಚಾಲಕ ದೀಪ ಹೊಡೆದ. ಪತಿ ಬ್ರೇಕ್ ತುಳಿಯದೆ, ಸ್ಟೇರಿಂಗ್ ಬಿಗಿ ಹಿಡಿದು, ವೇಗದ ಪೆಡಲಿನಿಂದ ಮಾತ್ರ ಕಾಲು ತೆಗೆದರು. ವ್ಯಾನು ತಾನಾಗಿ ನಿಧಾನಿಸಿ ರಸ್ತೆಯ ಅಂಚಿಗೆ ನಿಂತಿತು. ಹಿಂದೆ ಪಾತ್ರೆಗಳೆಲ್ಲ ಉರುಳಿದ್ದವು. ಶಿಕ್ಷಕಿ ಮಂಚದ ಸರಳನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು.

ಪತಿ ಕೆಳಗಿಳಿದು, ಒಮ್ಮೆ ಸುತ್ತಿ ಬಂದು, ಬಾಗಿಲ ಬಳಿ ನಿಂತರು. "ಟೀಚರೇ, ಇದನ್ನ ಕಟ್ಕೊಂಡು ನೇಪಾಳ ಅಲ್ಲ, ನಾನು ಇಲ್ಲೇ ಇರೋ ಕಡದಕಟ್ಟೆಗೂ ಬರಲ್ಲ."

ಅವರು ಹೆಂಡತಿಯನ್ನು ಮನೆಯಲ್ಲಿಯೂ ಹಾಗೆಯೇ ಕರೆಯುವುದು. ಆದರೆ ಈ ಸಲ ಧ್ವನಿಯಲ್ಲಿ ತಮಾಷೆಯಿರಲಿಲ್ಲ.

"ರೀ, ಏನಾಯ್ತು ಅಂತ ಮೊದ್ಲು ನೋಡೋಣ."

"ಏನ್ ನೋಡೋದು? ಆ ಬಸ್ಸು ನೋಡಿದ್ಯಲ್ಲ? ಆ ಸರಳೇ ಹಾಕ್ಬಿಡೋಣ. ಇಲ್ಲಾಂದ್ರೆ ಆ ಹೆಂಗಸ್ರಿಗೆ ಫೋನ್ ಮಾಡಿ ಬರಲ್ಲ ಅನ್ನು."

'ಅದೊಂದು ಆಗಲ್ಲ' ಎಂದಿದ್ದ ಶಿಕ್ಷಕಿ ಕೈಗೆಟುಕಿದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿಡತೊಡಗಿದರು. ನಿಯಮಬದ್ಧವಾದ ವಸ್ತುವೇ ಅಪಾಯಕಾರಿಯಾಗಿ ವರ್ತಿಸಿದಾಗ, ನಿಯಮದ ಪರವಾದ ನನ್ನ ವಾದವೂ ಅಲ್ಲಾಡಿತು.

ನಡಿಗೆಯ ವೇಗದಲ್ಲಿ ವರ್ಕ್‌ಶಾಪಿಗೆ ಮರಳಿದೆವು. ಮಾಲೀಕರು ಟೈರು, ಬೇರಿಂಗು, ಕೊಂಡಿಗಳನ್ನೆಲ್ಲ ನೋಡಿದರು, ಯಾವುದರಲ್ಲಿಯೂ ದೋಷವಿರಲಿಲ್ಲ. ತಯಾರಕರ ಕೈಪಿಡಿಯಲ್ಲಿ ಒಂದು ಸೂಚನೆ ಇತ್ತು: ಕೊಂಡಿಯ ಮೇಲೆ ಬೀಳುವ ಭಾರವನ್ನು ತೂಗಿ ನೋಡಿ. ಪಕ್ಕದ ಶೆಡ್ಡಿನ ಅಡಿಕೆ ವ್ಯಾಪಾರಿಯಿಂದ ಮೂಟೆ ತೂಗುವ ಯಂತ್ರವನ್ನು ತಂದು, ವ್ಯಾನಿನಿಂದ ಬಿಡಿಸಿದ ಟ್ರೈಲರಿನ ಮೂತಿಯನ್ನು ಅದರ ಮೇಲಿಟ್ಟೆವು. ಯಂತ್ರ ಏನನ್ನೂ ತೋರಿಸಲಿಲ್ಲ. ಮಾಲೀಕರು ಯಂತ್ರವನ್ನು ಗುದ್ದಿದರು. ಪತಿ ಮೂತಿಯನ್ನು ಒಂದು ಕೈಯಿಂದ ಎತ್ತಿದರು. ಖಾಲಿ ಕೊಡದಂತೆ ಮೇಲೆದ್ದಿತು.

ಗಾಲಿಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಶಿಕ್ಷಕಿ ತಲೆ ಚಚ್ಚಿಕೊಂಡರು. "ಅಯ್ಯೋ, ಭಾರವೆಲ್ಲ ಚಕ್ರದ ಹಿಂದಿದೆ! ಕಾರನ್ನ ಯಾಕೆ ಉಲ್ಟಾ ನಿಲ್ಸಿದೀರಿ? ಇಂಜಿನ್ ಹಿಂದಕ್ಕೆ ಬಂತಲ್ಲ. ವರ್ಷಾ ವರ್ಷಾ ಮಕ್ಕಳಿಗೆ ಸನ್ನೆಕೋಲು ಪಾಠ ಮಾಡೋಳು ನಾನು. ನನ್ ಕಣ್ಣಿಗೇ ಬೀಳ್ಲಿಲ್ಲ!"

ಮಾಲೀಕರಿಗೆ ಮುಜುಗರವಾಯಿತು. "ಟ್ರ್ಯಾಕ್ಟರ್ ಮೇಲೆ ಭಾರ ಬಿದ್ರೆ ಅದು ಮೂತಿ ಎತ್ತುತ್ತೆ ಅಕ್ಕ. ದಿಬ್ಬ ಹತ್ತುವಾಗ ಮುಂದಿನ ಚಕ್ರ ಗಾಳಿಲಿರುತ್ತೆ. ಅದಕ್ಕೆ ನಮ್ ಕಡೆ ಯಾವಾಗ್ಲೂ ಭಾರ ತುಸು ಹಿಂದಕ್ಕೇ ಹೇರೋದು. ಆ ಲೆಕ್ಕದಲ್ಲೇ ದಿಮ್ಮಿ ಇಟ್ಟೆ." ಬೆನ್ನಿಗೇ ಸೇರಿಸಿದರು: "ಮತ್ತೆ, ಇಳಿಯುವಾಗ ನೀವು ಮುಖ ಮುಂದಾಗಿ ಇಳೀಲಿ ಅಂತ ಕಾರು ತಿರುಗಿಸಿ ನಿಲ್ಲೋ ಹಾಗೆ ಮಾಡ್ದೆ."

"ನನಗೆ ರಿವರ್ಸ್ ಬರಲ್ಲ ಅಂತ ನಿಮಗ್ಯಾರು ಹೇಳಿದ್ದು?"

"ಹಂಗಲ್ಲ ಅಕ್ಕ..."

"ಹಂಗೇ. ಇಳಿಸ್ರಿ ಕಾರನ್ನ."

ಟ್ರ್ಯಾಕ್ಟರ್ ಬೇಡುವುದೂ ವ್ಯಾನು ಬೇಡುವುದೂ ಪರಸ್ಪರ ವಿರುದ್ಧ. ಒಂದಕ್ಕೆ ಕೊಂಡಿಯ ಮೇಲಿನ ಭಾರ ಕಂಟಕ, ಇನ್ನೊಂದಕ್ಕೆ ತಕ್ಕಷ್ಟು ಭಾರವೇ ಆಧಾರ. ಈ ಸೀಮೆಯಲ್ಲಿ ಟ್ರೈಲರ್ ಕಟ್ಟುವ ಯಾರಾದರೂ ಮಾಡಬಹುದಾಗಿದ್ದ ತಪ್ಪು ಅದು. ಮಾಲೀಕರು ದಿಮ್ಮಿಗಳನ್ನು ಕತ್ತರಿಸಿ ತೆಗೆದರು. ಶಿಕ್ಷಕಿ ಕಾರಿಗೆ ಹತ್ತಿ, ಮೂತಿ ಮುಂದಾಗಿ ಹಲಗೆಯ ಮೇಲೆ ಏರಿಸಿದರು. ಮತ್ತೆ ಹಿಂದಕ್ಕೆ, ವೆಲ್ಡಿಂಗ್ ಯಂತ್ರಕ್ಕೂ ಪೈಪುಗಳ ರಾಶಿಗೂ ನಡುವಿನ ಇಕ್ಕಟ್ಟಿನಲ್ಲಿ, ಒಮ್ಮೆಯೂ ನಿಲ್ಲಿಸದೆ ಇಳಿಸಿದರು. ಬೆಸುಗೆ ಮಾಡುತ್ತಿದ್ದವರು ಕನ್ನಡಕ ಮೇಲೆತ್ತಿ ನೋಡಿದರು. ಮತ್ತೊಮ್ಮೆ ಏರಿಸಿದ ಮೇಲೆ, ಟ್ರೈಲರಿನ ಮೂತಿಯನ್ನು ತೂಗುತ್ತ, ಕೈಪಿಡಿ ಹೇಳಿದ ಭಾರ ಬರುವವರೆಗೆ ಕಾರನ್ನು ಇಂಚಿಂಚಾಗಿ ಸರಿಸಿ, ಆ ಜಾಗದಲ್ಲಿ ದಿಮ್ಮಿಗಳನ್ನು ಬೆಸೆಸಿ, ಪಟ್ಟಿಗಳಿಂದ ನಾಲ್ಕೂ ಚಕ್ರಗಳನ್ನು ಬಿಗಿದೆವು.

ಎರಡನೆಯ ಓಟ ಆಯನೂರಿನ ರಸ್ತೆಯಲ್ಲಿ. ಲಾರಿಗಳ ಗಾಳಿ ಬಡಿದರೂ ಟ್ರೈಲರ್ ನೆರಳಿನಂತೆ ಹಿಂಬಾಲಿಸಿತು. ಆಯನೂರಿನಲ್ಲಿ ಕಾಫಿಗೆ ನಿಂತಾಗ ಪತಿ ಅದರ ಬೆನ್ನು ತಟ್ಟಿ, "ಈಗ ಬುದ್ಧಿ ಬಂತು ನೋಡು ಮಾರಾಯ" ಎಂದರು.

ರಜೆಗೆ ಕೆಲವೇ ದಿನಗಳಿದ್ದಾಗ ಉಳಿದದ್ದು ಗಡಿಯ ಪ್ರಶ್ನೆ. ಭಾರತದಲ್ಲಿ ನೋಂದಣಿಯಾದ ಕಾರು, ವ್ಯಾನುಗಳಿಗೆ ನೇಪಾಳದ ಸುಂಕದ ಕಚೇರಿ ದಿನದ ಲೆಕ್ಕದಲ್ಲಿ ಶುಲ್ಕ ಪಡೆದು ತಾತ್ಕಾಲಿಕ ಪ್ರವೇಶ ಕೊಡುತ್ತದೆ. ಅವಧಿಯೊಳಗೆ ವಾಹನ ಮರಳಬೇಕು. ಟ್ರೈಲರಿನ ಬಗ್ಗೆ ಗಡಿಯ ಊರಿನಲ್ಲಿ ಕಾಗದಪತ್ರ ಮಾಡಿಸಿಕೊಡುವವರೊಬ್ಬರನ್ನು ಫೋನಿನಲ್ಲಿ ಕೇಳಿದೆ. ನಾನು ಹರಕು ಹಿಂದಿಯಲ್ಲಿ ಕೇಳಿದ್ದಕ್ಕೆ ಅವರು ಬಿಡಿಸಿ ಹೇಳಿದರು: ವ್ಯಾನಿಗೆ ಆಗುತ್ತದೆ, ಕಾರಿಗೂ ಆಗುತ್ತದೆ, ಟ್ರೈಲರಿಗೆ ಅಂದಿನ ಅಧಿಕಾರಿ ಏನೆನ್ನುತ್ತಾರೋ ಅದು. ಲಿಖಿತವಾಗಿ ಕೇಳಿದ ಇಮೇಲಿಗೆ ಉತ್ತರ ಬರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ತನ್ನ ಚಕ್ರಗಳ ಮೇಲೆ ಚಾಲಕಿಯೊಂದಿಗೆ ಬರುವ ಕಾರು ಪ್ರವಾಸಿಯ ವಾಹನ, ಸರಿ. ಇನ್ನೊಂದು ವಾಹನದ ಮೇಲೆ ಕಟ್ಟಿ ತಂದ ಕಾರನ್ನು ಅಧಿಕಾರಿ ಸರಕು ಎಂದರೆ? ಸರಕಿಗೆ ಆಮದಿನ ನಿಯಮ. ಅಲ್ಲಿ ವಾದಿಸುತ್ತ ಕುಳಿತರೆ ರಜೆ ಮುಗಿಯುತ್ತದೆ.

ವಾದಿಸುವ ಆಸೆ ನನಗಿತ್ತು, ಅದನ್ನು ಮುಚ್ಚಿಡಲಾರೆ. ಇಂಥ ಮಾರ್ಪಾಡಿನ ಕಾರು ಕ್ರಮಬದ್ಧ ಟ್ರೈಲರಿನ ಮೇಲೆ ಗಡಿ ದಾಟಿದರೆ, ಮುಂದಿನವರು ತೋರಿಸಿಕೊಳ್ಳಬಹುದಾದ ಒಂದು ಪೂರ್ವನಿದರ್ಶನ ಆಗುತ್ತಿತ್ತು. ಆದರೆ ನಿದರ್ಶನ ಬೇಕಾಗಿದ್ದು ನನಗೆ. ಶಿಕ್ಷಕಿಗೆ ಬೇಕಾಗಿದ್ದು ನೇಪಾಳದ ಆ ಪಟ್ಟಣದ ಮೈದಾನದಲ್ಲಿ ನಿಂತ ಕಾರು. ಭದ್ರಾವತಿಗೆ ಹೋಗಿ, ಟ್ರೈಲರ್ ಗಡಿ ದಾಟುವುದು ಬೇಡ ಎಂದೆ. ಈಚೆಯ ಊರಿನಲ್ಲಿ ಕಾವಲಿರುವ ನಿಲುಗಡೆಯಲ್ಲಿ ಅದನ್ನು ಬಿಟ್ಟು, ವ್ಯಾನನ್ನು ಪತಿ, ಕಾರನ್ನು ಶಿಕ್ಷಕಿ ಓಡಿಸಿಕೊಂಡು ಹೋಗಲಿ. ಗಡಿಯಿಂದ ಆ ಪಟ್ಟಣಕ್ಕಿರುವ ದೂರವನ್ನು ನಡುವೆ ವಿಶ್ರಮಿಸಿಕೊಂಡು ಭುಜ ತಾಳಬಲ್ಲದು.

ಪತಿ ಸಿಡಿದರು. "ಹೊರದೇಶಕ್ಕೆ ಎಳ್ಕೊಂಡು ಹೋಗೋಕೆ ಅಂತ ಇಷ್ಟೆಲ್ಲ ಮಾಡಿ, ಹೊರದೇಶಕ್ಕೆ ಎಳ್ಕೊಂಡು ಹೋಗೋದು ಬೇಡ ಅಂತೀರಲ್ಲ ಮೇಡಂ!"

"ಎಳೆಯೋದು ಕಾರನ್ನ ಅಲ್ಲಿಗೆ ಮುಟ್ಟಿಸೋಕೆ ತಾನೇ ರೀ?" ಎಂದರು ಶಿಕ್ಷಕಿ. "ಗಡಿ ತನಕ ನೀವು ಎಳೀರಿ. ಆಮೇಲೆ ನಾನು ಮುಂದೆ, ನೀವು ನನ್ನ ಹಿಂದೆ."

"ಮನೇಲೂ ಅದೇ ತಾನೇ" ಎಂದು ಪತಿ ಒಪ್ಪಿದರು.

ಇನ್ನೊಂದು ಷರತ್ತನ್ನು ನಾನು ಬರೆಸಿಕೊಂಡೆ: ಪಾಠ ಉಚಿತವಾಗಿರಬೇಕು, ಅಲ್ಲಿಯ ಶಾಲೆಯ ಮೈದಾನದೊಳಗೇ ನಡೆಯಬೇಕು, ಸಾರ್ವಜನಿಕ ರಸ್ತೆಗೆ ಕಲಿಯುವವರು ಇಳಿಯಬಾರದು. ಸಂಘದವರು ಮರುದಿನವೇ ಒಪ್ಪಿ ತಿಳಿಸಿದರು.

ಅವರು ಹೊರಟ ಮೇಲೆ ನಾನು ಸಾರಿಗೆ ಇಲಾಖೆಗೆ ಒಂದು ಮನವಿ ಬರೆದೆ. ಮಾರ್ಪಾಡಿನ ಕಾರಿರುವವರು ದೂರ ಪ್ರಯಾಣದಲ್ಲಿ ಅದನ್ನು ಕೊಂಡೊಯ್ಯಲು ಸ್ಪಷ್ಟ ಮಾರ್ಗಸೂಚಿ ಬೇಕೆಂದು ಕೇಳಿದೆ. ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಕೇಳುತ್ತಲೇ ಇರುವ ಉದ್ದೇಶವಿದೆ.

ಗಡಿಯಿಂದ ಪತಿ ಒಂದು ಸಾಲಿನ ಸಂದೇಶ ಕಳಿಸಿದರು: ಎರಡೂ ಗಾಡಿ ಪಾಸ್. ಶಿಕ್ಷಕಿಯ ಫೋನು ಬಂದದ್ದು ಮೊದಲ ಪಾಠ ಮುಗಿದ ಸಂಜೆ. ಹಿನ್ನೆಲೆಯಲ್ಲಿ ಹೆಂಗಸರ ಗದ್ದಲ, ನಡುನಡುವೆ ಹಾರನ್.

"ಭುಜ ಹೇಗಿದೆ?" ಎಂದು ಕೇಳಿದೆ.

"ಭುಜ ಬಿಡಿ. ಮೊದಲು ಕೂತ ಹೆಂಗಸು ಇದ್ದಾಳಲ್ಲ, ಬೆಳಿಗ್ಗೆ ಹಿಡಿಕೆ ಮುಟ್ಟೋಕೇ ಹೆದರಿದ್ಲು. ಈಗ ಇಳಿ ತಾಯಿ, ಬೇರೆಯವ್ರು ಕಾಯ್ತಿದಾರೆ ಅಂದ್ರೆ, ಬಾಗ್ಲು ಲಾಕ್ ಮಾಡ್ಕೊಂಡು ಕೂತಿದಾಳೆ."

"ಏನ್ ಮಾಡಿದ್ರಿ ಮತ್ತೆ?"

"ಏನ್ ಮಾಡ್ಲಿ? ಇನ್ನೊಂದು ಸುತ್ತು ಹೊಡಿ ಅಂದೆ. ತಡೀರಿ ಲಾಯರಮ್ಮ, ಗೋಲ್ ಕಂಬದ ಹತ್ರ ಹೋಗ್ತಿದಾಳೆ" ಎಂದವರು ಫೋನನ್ನು ಕೆಳಗಿಡದೆಯೇ ಕೂಗತೊಡಗಿದರು.